ಮೊದಲ ಮೊಹರಿನ ದಿನದ ರಜೆ

ಫೆಬ್ರುವರಿ 10, 2025, ಸೋಮವಾರ

ಬಂದೇಸಾಬರು ನಿವೃತ್ತರಾದ ಮೇಲೆ ಖಾಲಿಯಿದ್ದ ಪ್ರಯೋಗಾಲಯದ ಮುಖ್ಯಸ್ಥರ ಜಾಗಕ್ಕೆ ಚನ್ನೇಶನ ಹೆಸರು ಬಂದಿದೆ. ಆದೇಶವನ್ನು ಫಲಕಕ್ಕೆ ಹಚ್ಚಿದ್ದರು. ಊಟದ ಬಿಡುವಿನಲ್ಲಿ ಓದಿದೆ. ಓದಿ, ಕೈ ತೊಳೆದು, ಡಬ್ಬಿ ಬಿಚ್ಚಿ ಪೂರ್ತಿ ಉಂಡೆ. ಹಸಿವು ಕೆಡಲಿಲ್ಲ ಎಂಬುದು ಮುಂದೆ ನೆನಪಿರಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಚನ್ನೇಶ ಒಳ್ಳೆಯವನು. ಆರು ವರ್ಷದ ಹಿಂದೆ ಸೇರಿದಾಗ ಒದ್ದೆ ಕಾಗದದ ಸುರುಳಿ ಬಿಚ್ಚಿ, ಸಹಜ ಮೊಳಕೆ ಯಾವುದು, ವಿಕೃತ ಯಾವುದು, ಸತ್ತ ಕಾಳು ಯಾವುದು ಎಂದು ಅವನಿಗೆ ತೋರಿಸಿಕೊಟ್ಟವಳು ನಾನು. ಎಣಿಸುವಾಗ ಅವನ ತುಟಿ ಈಗಲೂ ಅಲುಗುತ್ತದೆ. ಈ ಬೀಜದ ಘಟಕದಲ್ಲಿ ನನ್ನದು ಇಪ್ಪತ್ತೊಂದನೆಯ ವರ್ಷ. ಧಾರವಾಡದಿಂದ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿ ಬಂದವಳು ಇಲ್ಲಿ ನಾನೊಬ್ಬಳೇ. ಹಾಗೆಂದು ಕುರ್ಚಿಯ ಆಸೆ ನನಗೆ ಇತ್ತೆಂದಲ್ಲ.

ಮಧ್ಯಾಹ್ನ ಮ್ಯಾನೇಜರ್ ರಾಜಕುಮಾರ ಸಾಹೇಬರು ತಾವಾಗಿಯೇ ಕರೆಸಿ ಹೇಳಿದರು. ಅದು ಅವರ ದೊಡ್ಡ ಗುಣ.

"ತಪ್ಪು ತಿಳ್ಕೋಬ್ಯಾಡ್ರಿ ಮ್ಯಾಡಮ್. ಕೆಲಸದಾಗ ನಿಮ್ಮನ್ನ ಮೀರಿಸೋರಿಲ್ಲ. ಆದ್ರ ಮೊದಲ ಮೊಹರು ಮುಖ್ಯಸ್ಥರ ಕೈಲೇ ಆಗ್ಬೇಕಲ್ರಿ. ಹಾನಗಲ್ಲ, ಹಿರೇಕೆರೂರ ಡೀಲರ್‌ಗಳು ಬಂದಿರ್ತಾರ. ಹಳೀ ಮಂದಿ. ನಿಮಗ ಗೊತ್ತೈತಿ."

ನನಗೆ ಗೊತ್ತಿದೆ. ಯುಗಾದಿಯ ಮುಂಚೆ, ಮುಂಗಾರಿನ ಬೀಜದ ಮೊದಲ ಚೀಲ ಹೊಲಿಯುವ ದಿನ ಕಾಯಿ ಒಡೆಯುತ್ತಾರೆ. ಐದು ಮುತ್ತೈದೆಯರು ಸೆರಗೊಡ್ಡಿ ನಿಲ್ಲುತ್ತಾರೆ. ಮುಖ್ಯಸ್ಥರು ಔಷಧ ಸವರದ ಕಾಳನ್ನು ಒಂದೊಂದು ಬೊಗಸೆ ಅವರ ಉಡಿಗೆ ಹಾಕಿ, ಚೀಲ ಹೊಲಿಸಿ, ಮೊಹರು ಒತ್ತುತ್ತಾರೆ. ಬಂದೇಸಾಬರು ಹದಿನೆಂಟು ವರ್ಷ ಹಾಕಿದರು. ಸಾಬರ ಕೈಯ ಕಾಳಿಗೆ ಯಾರೂ ಏನೂ ಅಂದಿರಲಿಲ್ಲ. ನನ್ನದು ಬೇರೆ. ನಾನು ಹಾಗಿರುವವಳು.

"ಅರ್ಥ ಆತ್ರಿ ಸಾಹೇಬ್ರ" ಎಂದೆ. ಅವರ ಭುಜ ಇಳಿದದ್ದು ಕಂಡಿತು.

ಸಂಜೆ ಕವಿತೆಯ ಪುಸ್ತಕ ತೆಗೆದು ಮೂರು ಕವಿತೆ ಓದಿದೆ. ಮನಸ್ಸು ಸಮಾಧಾನವಾಗಿದೆ.

ಫೆಬ್ರುವರಿ 12, ಬುಧವಾರ

ಸಮಾಧಾನವಾಗಿಲ್ಲ.

ಫೆಬ್ರುವರಿ 13, ಗುರುವಾರ

ಕರಬಸಪ್ಪನವರು ಪ್ರಯೋಗಾಲಯಕ್ಕೇ ಬಂದರು. ಕಾಳು ಜರಡಿ ಹಿಡಿಯುವ ಯಂತ್ರ ನಡೆಸುವವರು, ನಮ್ಮ ಕಾರ್ಮಿಕ ಸಂಘದ ಅಧ್ಯಕ್ಷರು. ಮೀಸೆಯ ಮೇಲೆ ಸದಾ ಜೋಳದ ಹೊಟ್ಟು ಕೂತಿರುತ್ತದೆ.

"ಏನ್ರಿ ನೀಲಕ್ಕಾರ, ಸತ್ಯಾಗ್ರಹ ಕುಂತೀರೋ, ಸುಮ್ನ ಕುಂತೀರೋ?"

"ಸುಮ್ನ ಕುಂತೇನ್ರಿ."

"ಎರಡೂ ಒಂದ ನಮೂನಿ ಕಾಣತಾವು ನೋಡ್ರಿ, ಅದಕ್ಕ ಕೇಳಿದ್ನಿ." ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಸಂಘದ ಕುಂದುಕೊರತೆ ಅರ್ಜಿ. ಆದೇಶ ಬಂದು ಮೂವತ್ತು ದಿನದೊಳಗೆ, ಅಂದರೆ ಮಾರ್ಚ್ 12ರೊಳಗೆ ಕೊಡಬೇಕು. ಕೊಟ್ಟರೆ ಸಂಘ ಆಡಳಿತದ ಎದುರು ಕೂತು ಮಾತಾಡುತ್ತದೆ. ಅರ್ಜಿಯ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಸಂಘ ಮಾಡಿಕೊಳ್ಳುವ ರಾಜಿ ನನಗೆ ಒಪ್ಪಿತ, ಇದೇ ವಿಷಯಕ್ಕೆ ಬೇರೆಲ್ಲೂ ದೂರು ಕೊಡುವುದಿಲ್ಲ.

ಹಾವೇರಿಯಲ್ಲಿ ಕಾರ್ಮಿಕ ಅಧಿಕಾರಿಗೆ ನೇರವಾಗಿ ದೂರು ಕೊಡಬಹುದಲ್ಲ ಎಂದು ಕೇಳಿದೆ. ಯಾಕೆ ಕೇಳಿದೆನೋ, ಕೊಡುವ ಯೋಚನೆಯೇನೂ ಇರಲಿಲ್ಲ.

"ಕೊಡಬಹುದ್ರಿ. ನಿಮ್ಮ ಮೊಮ್ಮಕ್ಕಳು ಹೋಗಿ ತೀರ್ಪು ತಗೊಂಡು ಬರ್ತಾರ."

"ನನಗ ಮಕ್ಕಳ ಇಲ್ಲಲ್ರಿ."

"ಅದಕ್ಕ ಹೇಳಾಕತ್ತೇನಿ, ಸಂಘಕ್ಕ ಬರ್ರಿ ಅಂತ!"

ಇಬ್ಬರೂ ನಕ್ಕೆವು. ಅರ್ಜಿಯನ್ನು ಚೀಲದಲ್ಲಿ ಇಟ್ಟುಕೊಂಡು ಬಂದಿದ್ದೇನೆ.

ಫೆಬ್ರುವರಿ 14, ಶುಕ್ರವಾರ

ಅರ್ಜಿಯ ಸುದ್ದಿ ಆಗಲೇ ಸಾಹೇಬರ ಕಿವಿಗೆ ಬಿದ್ದಿದೆ. ಕರೆಸಿ, ಒಂದು ಫೈಲನ್ನು ನನ್ನ ಕಡೆ ತಿರುಗಿಸಿದರು. ನನ್ನವೇ ರಜೆ ಚೀಟಿಗಳು, ಹನ್ನೊಂದು. 2014ರಿಂದ ಹೋದ ವರ್ಷದವರೆಗೆ, ಪ್ರತಿ ಮೊದಲ ಮೊಹರಿನ ದಿನಕ್ಕೆ ಒಂದು. ಕಾರಣ: ಮನೆಗೆಲಸ. ನನ್ನ ಗುಂಡಗಿನ ಅಕ್ಷರ, ಒಂದೂ ತಿದ್ದಿಲ್ಲ.

"ನಾವು ಒಮ್ಮೆರೆ ಬರಬ್ಯಾಡ್ರಿ ಅಂದೇವೇನ್ರಿ? ಹನ್ನೊಂದು ವರ್ಷ ನೀವ ಬಂದಿಲ್ಲ. ಮುಖ್ಯಸ್ಥರ ಹಾಜರಿ ಬೇಕಾದ ದಿನಾನ ನೀವು ರಜಾ ಹಾಕ್ತೀರಿ. ಇದರಾಗ ಭೇದಭಾವ ಎಲ್ಲೈತ್ರಿ ಮ್ಯಾಡಮ್?"

ಚೀಟಿಗಳನ್ನು ಇನ್ನೊಮ್ಮೆ ಎಣಿಸಿದೆ, ಹನ್ನೊಂದೇ. ಅವರು ಹೇಳಿದ್ದು ನಿಜ. ನನ್ನ ಗಂಡ ಸುನೀಲ ತೀರಿಕೊಂಡ ನಾಲ್ಕನೆಯ ತಿಂಗಳಿಗೆ ಮೊದಲ ಮೊಹರು ಬಂದಿತ್ತು. ಯಾರಾದರೂ ಬಂದು ಹೇಳುವ ಮೊದಲು ನಾನೇ ಸರಿದು ನಿಂತರೆ ಮರ್ಯಾದೆ ಉಳಿಯುತ್ತದೆ ಎಂದುಕೊಂಡು ಚೀಟಿ ಬರೆದೆ. ಮರುವರ್ಷ ರೂಢಿಯಾಯಿತು. ನಮ್ಮಂಥವರು ಇದನ್ನು ಸಭ್ಯತೆ ಅನ್ನುತ್ತೇವೆ.

ಫೆಬ್ರುವರಿ 16, ರವಿವಾರ

ಸವಣೂರಿಗೆ ಹೋಗಿ ಬಂದೆ. ಬಂದೇಸಾಬರು ಅಳಿಯನ ಎಲೆತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದರು. ನನ್ನನ್ನು ನೋಡಿ ಬಾಳೆನಾರು ಕೈಯಲ್ಲೇ ಹಿಡಿದುಕೊಂಡು ಬಂದರು.

"ಬರ್ರಿ ನೀಲಾಬಾಯಾರ. ನಿವೃತ್ತಿ ಆಗಿ ಆರಾಮ ಕುಂತಾನ ಅಂತ ತಿಳ್ಕೊಂಡ್ರೇನು? ಅಲ್ಲಿ ಮೊಳಕಿ ಎಣಸ್ತಿದ್ನಿ, ಇಲ್ಲಿ ಎಲಿ ಎಣಸಾಕತ್ತೇನಿ."

ನಾನು ಸುತ್ತಿ ಬಳಸದೆ ಕೇಳಿದೆ: ಆ ಮೊದಲ ವರ್ಷ ನಾನು ಚೀಟಿ ತರದೇ ಇದ್ದಿದ್ದರೆ ಏನಾಗುತ್ತಿತ್ತು?

ಅವರು ನಾರನ್ನು ಬೆರಳಿಗೆ ಸುತ್ತುತ್ತ ಹೇಳಿದರು: "ಸ್ಟೋರಿನವರು ಬಂದು ಹೇಳಿದ್ರು, ಆ ದಿನ ಬರಬ್ಯಾಡಂತ ಆಕಿಗೆ ಹೇಳ್ರಿ ಅಂತ. ನಾ ಹೆಂಗ ಹೇಳ್ಲಿ ಅಂತ ಎರಡ ದಿನ ಒದ್ದಾಡಿದ್ನಿ. ಮೂರನೇ ದಿನ ನೀವ ಚೀಟಿ ತಂದ್ರಿ. ಅಲ್ಲಾ ದೊಡ್ಡಾವ ಅಂತ ಸಹಿ ಮಾಡಿದ್ನಿ." ಆಮೇಲೆ ಅಂದರು: "ಯಾಕ ಅಂತ ಕೇಳಬೇಕಾಗಿತ್ರಿ. ಕೇಳಿದ್ರ ನೀವು ಅಳ್ತೀರಿ ಅಂತ ಅಂಜಿದ್ನಿ. ನಿಮ್ಮ ಸಲುವಾಗಿ ಅಲ್ಲ, ನನ್ನ ಸಲುವಾಗಿ."

ಹೇಳಿ ಕಳಿಸಿದವರು ಇದ್ದರು ಎಂಬುದನ್ನು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ ಎಂದರು. ಬರುವಾಗ ವೀಳ್ಯದೆಲೆಯ ಕಟ್ಟು, ಸವಣೂರಿನ ಕುರುಕಲು ಖಾರದ ಪೊಟ್ಟಣ ಕೊಟ್ಟರು. ಬಸ್ಸಿನಲ್ಲಿ ಖಾರ ತಿನ್ನುತ್ತ ಕೂತೆ. ಸಂಘದ ಅರ್ಜಿಯನ್ನೇ ತುಂಬುವುದು ಎಂದು ಶಿಗ್ಗಾಂವಿ ಬರುವಷ್ಟರಲ್ಲಿ ನಿರ್ಧಾರವಾಯಿತು.

ಫೆಬ್ರುವರಿ 19, ಬುಧವಾರ

ಅರ್ಜಿ ತುಂಬುತ್ತ ಕೂತಿದ್ದೆ. ಹೊಳೆವ್ವ ಮಾದರಿ ಕಾಳಿನ ಚೀಲ ತಂದಳು. ಗೊಟಗೋಡಿಯವಳು, ಪ್ಯಾಕಿಂಗ್ ಶೆಡ್ಡಿನಲ್ಲಿ ಚೀಲ ಹೊಲಿಯುವ ಯಂತ್ರದ ಮೇಲೆ ಕೂರುತ್ತಾಳೆ, ಗುತ್ತಿಗೆಯ ದಿನಗೂಲಿ. ಆರು ವರ್ಷದ ಹಿಂದೆ ಅವಳ ಗಂಡ ಗೋಣೆಪ್ಪ ಹೋದ.

"ನಿಮಗ ಕುರ್ಚಿ ತಪ್ಪಿಸ್ಯಾರಂತಲ್ರಿ ಅಕ್ಕಾರ."

"ಹೂಂ. ಮೊಹರಿನ ದಿನದ ನೆಪ."

"ನಮಗೂ ವರ್ಷಾ ಆ ದಿನದ ಕೂಲಿ ತಪ್ಪತೈತಿ."

"ಯಾರು ತಪ್ಪಸ್ತಾರ ಹೊಳೆವ್ವ?"

ಅವಳು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಮುಖ ನೋಡಿದ ಮೇಲೆ ಅಲ್ಲವೆಂದು ತಿಳಿಯಿತು.

"ಯಾರಂದ್ರ? ನೀವ ಅಲ್ರಿ?"

ಚೀಲ ಇಟ್ಟು ಹೋದಳು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಹೊತ್ತು ಎಷ್ಟಾಯಿತು ಎಂದು ಹೇಳುವ ಹಾಗೆ ಹೇಳಿದಳು.

ಹೌದು, ನಾನೇ. ಆ ದಿನ ಯಾರು ಯಾವ ಕೆಲಸಕ್ಕೆ ಎಂಬ ಪಟ್ಟಿಯನ್ನು ಅಕ್ಷರ ಚೆಂದ ಎಂದು ಬಂದೇಸಾಬರು ನನ್ನ ಕೈಯಲ್ಲೇ ಬರೆಸುತ್ತಿದ್ದರು. ಗೋಣೆಪ್ಪ ಹೋದ ವರ್ಷ ಹೊಳೆವ್ವಳ ಹೆಸರನ್ನು ಬಿಟ್ಟು ಬರೆದೆ. ಅವಳನ್ನು ಪಕ್ಕಕ್ಕೆ ಕರೆದು, ಬೆನ್ನ ಮೇಲೆ ಕೈಯಿಟ್ಟು, ನಾಳೆ ಮನೆಯಲ್ಲೇ ಇರು, ನಾನೂ ಬರುವುದಿಲ್ಲ ಎಂದೆ. ಅವಳಿಗೆ ಇನ್ನೊಬ್ಬರ ಬಾಯಿಂದ ಅವಮಾನ ಆಗದಿರಲಿ ಎಂದು. ನನ್ನ ರಜೆಗೆ ಸಂಬಳವಿತ್ತು. ಅವಳ ರಜೆಗೆ ಇರಲಿಲ್ಲ. ಆರು ವರ್ಷದಲ್ಲಿ ಈ ವ್ಯತ್ಯಾಸ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಅರ್ಜಿ ಅರ್ಧಕ್ಕೇ ನಿಂತಿದೆ.

ಫೆಬ್ರುವರಿ 26, ಬುಧವಾರ, ಶಿವರಾತ್ರಿ

ಬೆಳಿಗ್ಗೆಯೇ ಗೊಟಗೋಡಿಗೆ ಹೋದೆ. ಹೊಳೆವ್ವ ಕಲ್ಲಂಗಡಿ ಹೆಚ್ಚುತ್ತಿದ್ದಳು. ಕಂಬಳಿ ಹಾಸಿ ಕೂರಿಸಿದಳು. ಬಸ್ಸಿನಲ್ಲಿ ಮಾತು ಹೊಂದಿಸಿಕೊಂಡು ಹೋಗಿದ್ದೆ, ಅಲ್ಲಿ ಒಂದೂ ನೆನಪಾಗಲಿಲ್ಲ. ತಪ್ಪಾಯಿತು, ಕ್ಷಮಿಸು ಎಂದಷ್ಟೇ ಅಂದೆ.

"ಕ್ಷಮಾ ತಗೊಂಡು ಏನ್ ಮಾಡ್ಲಿರಿ? ಇವತ್ತು ಉಪವಾಸ ಬ್ಯಾರೆ. ನಾಳೆ ಕೊಟ್ಟಿದ್ರ ರೊಟ್ಟಿ ಜೋಡಿ ಹಚ್ಚಿಕೊಂಡು ತಿಂತಿದ್ನಿ."

ಅವಳ ನೆಗೆಣ್ಣಿ ಒಳಗಿಂದ ಕಿಸಕ್ಕೆಂದು ನಕ್ಕಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಮತ್ತ ಏನ್ ಬೇಕು ಹೇಳು."

ಹೊಳೆವ್ವ ಚೂರಿ ಕೆಳಗಿಟ್ಟಳು. "ಆ ದಿನ ನಾ ಮಿಷನ್ ಮ್ಯಾಲೆ ಕುಂಡ್ರಬೇಕು. ಮೊದಲ ಚೀಲಾ ಹೊಲಿಯೂದು ನನ್ನ ಮಿಷನ್ ಐತ್ರಿ. ವರ್ಷಾನುಗಟ್ಲೆ ಅದಕ್ಕ ಎಣ್ಣಿ ಹಾಕಾಕಿ ನಾ. ಆ ದಿನ ಶೇಖವ್ವ ಕುಂಡರ್ತಾಳ. ಅಕಿಗೆ ದಾರ ಬಿಗಿ ಹಿಡಿಯಾಕ ಬರೂದಿಲ್ಲ. ಮೊದಲ ಚೀಲಾನ ಬಾಯಿ ಬಿಟ್ಟಿರತೈತಿ. ಮರುದಿನ ಬಂದು ಯಾರಿಗೂ ಕಾಣದಂಗ ನಾನ ಬಿಚ್ಚಿ ಹೊಲಿತೇನಿ."

"ಪ್ರತಿ ವರ್ಷ?"

"ಪ್ರತಿ ವರ್ಷರಿ. ಮೊಹರು ಒಂದ ಅವ್ರದು, ಹೊಲಿಗಿ ನಂದ."

ಇದನ್ನು ಕೇಳಿ ನನಗೆ ಬಂದದ್ದು ಅಳುವಲ್ಲ. ಅದೇನೆಂದು ಹೆಸರಿಡಲು ಈಗ ಪುರುಸೊತ್ತಿಲ್ಲ. ಸಂಘದ ಅರ್ಜಿಯಲ್ಲಿ ಅವಳ ಹೆಸರನ್ನೂ ಸೇರಿಸಬೇಕು.

ಮಾರ್ಚ್ 3, ಸೋಮವಾರ

ಕರಬಸಪ್ಪನವರು ನನಗಿಂತ ಮುಂಚೆಯೇ ಸುದ್ದಿ ತಂದಿದ್ದರು. ಮುಖದ ತುಂಬ ನಗು.

"ಕೆಲಸ ಆತ್ರಿ ನೀಲಕ್ಕಾರ! ಅರ್ಜಿ ಕೊಡೂಕ ಮೊದಲ ಕುಂತು ಮಾತಾಡೇನಿ. ಕುರ್ಚಿ ನಿಮ್ದ. ಚನ್ನೇಶನ್ನ ಗೋದಾಮಿಗೆ ಹಾಕ್ತಾರ. ಅರ್ಜಿ ಮ್ಯಾಲೆ ಒಂದ ಸಹಿ ಹಾಕ್ರಿ, ಆತು."

"ಮೊಹರು?"

"ಆ ಒಂದ ದಿನ ಎಂದಿನಂಗ ರಜಾ ಹಾಕಿಬಿಡ್ರಿ. ಚನ್ನೇಶ ಬಂದು ಒತ್ತತಾನ. ಮುನ್ನೂರಾ ಅರವತ್ನಾಕ ದಿನ ನಿಮ್ದ, ಒಂದ ದಿನ ಅವ್ರದು. ಇದಕ್ಕಿಂತ ಚಲೋ ರಾಜಿ ಎಲ್ಲಿ ಸಿಗತೈತ್ರಿ?"

ಹೊಳೆವ್ವಳ ವಿಷಯ ಹೇಳಿದೆ. ಅವರ ನಗು ಹೋಯಿತು.

"ಅಕಿ ಗುತ್ತಿಗಿ ಆಳು. ಸಂಘದ ಪುಸ್ತಕದಾಗ ಅಕಿ ಹೆಸರಿಲ್ಲ. ಇಲ್ಲದವ್ರ ಸಲುವಾಗಿ ನಾ ಹೆಂಗ ಕುಂಡರ್ಲಿ? ನಲವತ್ತು ಮಂದಿ ಕಾಯಂ ಉಳದಾರ. ಅವ್ರನ್ನ ಗುತ್ತಿಗಿಗೆ ದಬ್ಬದಂಗ ಹಿಡ್ಕೊಳ್ಳೂದ ನನಗ ಸಾಕಾಗೇತಿ."

ಅವರು ಸುಳ್ಳು ಹೇಳುತ್ತಿಲ್ಲ. ಕೆಟ್ಟವರೂ ಅಲ್ಲ. ನನಗಾಗಿ ಎರಡು ವಾರ ಓಡಾಡಿದ್ದಾರೆ. ಸಹಿ ಹಾಕಿದರೆ ಯುಗಾದಿಯೊಳಗೆ ಕುರ್ಚಿ. ಕುರ್ಚಿ ನನಗೆ ಬೇಕು, ಮೊದಲಿನಿಂದಲೂ ಬೇಕಾಗಿತ್ತು. ಆ ಮೇಜಿನ ಮುಂದೆ ಕೂತು ಪ್ರಯೋಗಾಲಯವನ್ನು ಹೇಗೆ ನಡೆಸಬೇಕೆಂದು ನನಗೆ ಹತ್ತು ವರ್ಷದಿಂದ ಗೊತ್ತಿದೆ.

ಎರಡು ದಿನ ಕೊಡಿ ಎಂದೆ.

ಮಾರ್ಚ್ 5, ಬುಧವಾರ

ಇನ್ನೂ ನಾಲ್ಕು ದಿನ ಕೊಡಿ ಎಂದೆ. ಕರಬಸಪ್ಪನವರು ಕ್ಯಾಲೆಂಡರಿನ ಹನ್ನೆರಡರ ಮೇಲೆ ಬೆರಳಿಟ್ಟು ತೋರಿಸಿ ಹೋದರು.

ಮಾರ್ಚ್ 8, ಶನಿವಾರ

ಮಹಿಳಾ ದಿನ ಎಂದು ಹೆಂಗಸರಿಗೆಲ್ಲ ಗುಲಾಬಿ, ಪೇಡೆ. ಕಾಯಂ ಇದ್ದವರಿಗೆ ಗುಲಾಬಿ ಮತ್ತು ಪೇಡೆ, ಗುತ್ತಿಗೆಯವರಿಗೆ ಪೇಡೆ ಮಾತ್ರ. ಪ್ರತಿ ವರ್ಷ ಈ ದಿನ ನಾನೊಂದು ಕವಿತೆ ಓದುತ್ತೇನೆ. ರಾಜಕುಮಾರ ಸಾಹೇಬರು ಮೈಕು ನನ್ನ ಕಡೆ ಚಾಚಿದರು. ಈ ಸಲ ಓದುವುದಿಲ್ಲ ಎಂದೆ. "ಗಂಟ್ಲು ಸರಿ ಇಲ್ಲೇನ್ರಿ?" ಎಂದು ಕೇಳಿದರು. ಗಂಟಲು ಚೆನ್ನಾಗಿದೆ ಎಂದೆ.

ಗುಲಾಬಿಯನ್ನು ಶೆಡ್ಡಿನ ಕಿಟಕಿಯಲ್ಲಿ ಇಟ್ಟು ಬಂದೆ. ಹೊಳೆವ್ವ ಕೂಗಿ ಹೇಳಿದಳು: "ಅಕ್ಕಾರ, ಹೂವು ನಮಗ್ಯಾಕ್ರಿ, ಪೇಡೆ ಇದ್ರ ಕೊಡ್ರಿ!"

ಮಾರ್ಚ್ 9, ರವಿವಾರ

ಬೆಳಿಗ್ಗೆ ಆರಕ್ಕೆ ಕೂತವಳು ಹನ್ನೊಂದಕ್ಕೆ ಎದ್ದೆ. ಎರಡು ಕಾಗದ ಎದುರಿಗಿದ್ದವು. ಸಂಘದ ಅರ್ಜಿಗೆ ಬೇಕಾದದ್ದು ಒಂದು ಸಹಿ. ಕಾರ್ಮಿಕ ಅಧಿಕಾರಿಗೆ ಬರೆಯಬೇಕಾದದ್ದು ಇಡೀ ಕಥೆ, ಗೆಲ್ಲುತ್ತದೆ ಎಂಬ ಖಾತರಿಯಿಲ್ಲದೆ. ವಿಚಾರಣೆ ಎಷ್ಟು ತಿಂಗಳೋ, ಎಷ್ಟು ವರ್ಷವೋ. ಅಷ್ಟರವರೆಗೆ ಚನ್ನೇಶ ಮುಖ್ಯಸ್ಥ, ನಾನು ಅವನ ಕೈಕೆಳಗೆ. ಹೊಳೆವ್ವಳಿಗಂತೂ ನಾಳೆಯೇ ಬರಬೇಡ ಅನ್ನಬಹುದು. ಅದನ್ನು ನಿನ್ನೆ ಅವಳಿಗೆ ಬಿಡಿಸಿ ಹೇಳಿದ್ದೆ. ಹೊಲಿಗೆ ಬಲ್ಲವಳಿಗೆ ತಡಸ ಊರಿನ ಗಿರಣಿಯಲ್ಲೂ ಕೆಲಸವಿದೆ, ನೀವು ಬರೆಯಿರಿ ಎಂದಿದ್ದಳು.

ಬರೆದೆ. ಮೊದಲ ಕರಡಿನಲ್ಲಿ 'ಪತಿಯನ್ನು ಕಳೆದುಕೊಂಡ ದುರ್ದೈವಿಗಳಾದ ನಾವು' ಎಂದಿತ್ತು. ಹೊಡೆದು ಹಾಕಿದೆ. 'ನಾವಿಬ್ಬರೂ ವಿಧವೆಯರು. ಆ ಕಾರಣಕ್ಕೆ ನಮ್ಮನ್ನು ಈ ಕೆಲಸಗಳಿಂದ ದೂರ ಇಡಲಾಗಿದೆ' ಎಂದು ಬರೆದೆ. ವಾಕ್ಯ ಚಿಕ್ಕದಾಯಿತು.

ಚೀಟಿಗಳ ಬಗ್ಗೆಯೂ ಬರೆದೆ. ಯಾಕೆ ಹಾಕಿದೆ, ಹಾಕುವ ಮೊದಲು ಯಾರು ಯಾರಿಗೆ ಹೇಳಿ ಕಳಿಸಿದ್ದರು ಎಂದು. ಬಂದೇಸಾಬರ ಹೇಳಿಕೆ ನಿನ್ನೆಯೇ ಅಂಚೆಯಲ್ಲಿ ಬಂದಿದೆ. ಆಮೇಲೆ ಇನ್ನೊಂದು ವಾಕ್ಯ: 'ಹೊಳೆವ್ವಳ ಹೆಸರು ಬಿಟ್ಟು ಆರು ವರ್ಷ ಪಟ್ಟಿ ಬರೆದವಳು ನಾನೇ.' ಈ ವಾಕ್ಯ ನನ್ನ ಅರ್ಜಿಯನ್ನು ದುರ್ಬಲ ಮಾಡುತ್ತದೆ. ಬಿಟ್ಟರೆ ಅರ್ಜಿಯೇ ಸುಳ್ಳಾಗುತ್ತದೆ. ಬಿಡಲಿಲ್ಲ.

ಮಾರ್ಚ್ 11, ಮಂಗಳವಾರ

ಹೊಳೆವ್ವಳ ಜೊತೆ ಹಾವೇರಿಗೆ ಹೋಗಿದ್ದೆ. ಅವಳು ಹಸಿರು ಸೀರೆ ಉಟ್ಟು, ಹೆಣೆದ ಜಡೆಗೆ ಎಣ್ಣೆ ಹಚ್ಚಿ ಬಂದಿದ್ದಳು. ಕಚೇರಿಯ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ ಕನ್ನಡಕದ ಮೇಲಿಂದ ನೋಡಿದರು.

"ಫಿರ್ಯಾದಿನೂ ನೀವು, ತಪ್ಪು ಮಾಡಿದವ್ರೊಳಗೂ ನೀವು. ಇದೇನ್ರಿ ಹೊಸಾ ನಮೂನಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹೊಳೆವ್ವ ಹೇಳಿದಳು: "ಅಕ್ಕಾರ ಸಾಲಿ ಭಾಳ ಕಲ್ತಾರ್ರಿ. ಅದಕ್ಕ ಹಿಂಗಾಗೇತಿ."

ಅವರು ನಕ್ಕು ಬಿಟ್ಟರು. ನಂತರ ಗಂಭೀರವಾಗಿ, ಮೊದಲ ಅರ್ಜಿದಾರರು ಯಾರು ಎಂದು ಕೇಳಿದರು. ಹೊಳೆವ್ವ ಎಂದೆ. ಅವಳು ಹೆಬ್ಬೆಟ್ಟು ಬೇಡವೆಂದು ಪೆನ್ನು ಕೇಳಿ, ನಾಲಿಗೆ ಕಚ್ಚಿಕೊಂಡು, ಮೂರಕ್ಷರ ಬರೆದಳು. ಕೆಳಗೆ ನನ್ನ ಸಹಿ. ಸ್ವೀಕೃತಿಯ ಮುದ್ರೆ ಬಿದ್ದಾಗ ಹನ್ನೆರಡೂಕಾಲು.

ಬಂಕಾಪುರ ದಾಟುವವರೆಗೂ ಅವಳು ನನ್ನ ಭುಜಕ್ಕೊರಗಿ ನಿದ್ದೆ ಮಾಡಿದಳು.

ಮಾರ್ಚ್ 13, ಗುರುವಾರ

ಕರಬಸಪ್ಪನವರು ಎಲ್ಲರ ಎದುರಿಗೇ ಕೂಗಾಡಿದರು. "ಸಂಘಕ್ಕ ಬೆನ್ನ ತೋರಿಸಿದ್ರಿ! ಕೈಯಾಗಿನ ತುತ್ತು ಚೆಲ್ಲಿ ಹಾವೇರಿಗೆ ಭಿಕ್ಷಾಕ್ಕ ಹೋಗೀರಿ!"

"ಸಾಕ್ಷಿಗೆ ನಿಮ್ಮನ್ನ ಕರೀತಾರ. ರಾಜಿಯೊಳಗ ಆ ಒಂದ ದಿನ ರಜಾ ಹಾಕಬೇಕಂತ ಹೇಳಿದ್ದು ಯಾರು ಅಂತ ಕೇಳ್ತಾರ. ಬಂದು ಹೇಳ್ರಿ" ಎಂದೆ.

"ನಾ ಯಾಕ ಬರ್ಲಿ?"

ಬಾಗಿಲ ತನಕ ಹೋಗಿ ನಿಂತರು. ತಿರುಗದೆಯೇ ಕೇಳಿದರು: "ತಾರೀಖು ಯಾವಾಗಂತ?"

ಮಾರ್ಚ್ 18, ಮಂಗಳವಾರ

ಇದೇ 27ರ ಗುರುವಾರ ಮೊದಲ ಮೊಹರು. ಪಟ್ಟಿ ಬರೆಯುವ ಕೆಲಸ ಈಗ ಚನ್ನೇಶನದು. ಖಾಲಿ ಹಾಳೆ ಹಿಡಿದು ಬಂದು ನನ್ನ ಮೇಜಿನ ಹತ್ತಿರ ನಿಂತ.

"ಅಕ್ಕಾರ, ಹೆಂಗ ಬರೀಲ್ರಿ?"

"ಮಿಷನ್ ಯಾರದು?"

"ಹೊಳೆವ್ವಂದು."

"ಮತ್ತ?"

ಹಾಳೆ ಹಿಡಿದುಕೊಂಡು ಹೋದ. ಏನು ಬರೆದನೋ ಇನ್ನೂ ಹಚ್ಚಿಲ್ಲ. ನಾನು ರಜೆ ಚೀಟಿ ಬರೆದಿಲ್ಲ.

ಮಾರ್ಚ್ 24, ಸೋಮವಾರ

ವಿಚಾರಣೆಯ ನೋಟೀಸು ಘಟಕಕ್ಕೆ ತಲುಪಿದೆ. ಏಪ್ರಿಲ್ 8ಕ್ಕೆ. ಹತ್ತು ಗಂಟೆಗೆ ರಾಜಕುಮಾರ ಕರೆಸಿದರು. ಕೂತುಕೊಳ್ಳಿ ಎಂದು ಹೇಳುವ ಮೊದಲೇ ಕೂತೆ.

ಮೇಜಿನ ಮೇಲೆ ಒಂದು ಕವರು. "ತೆಗದು ನೋಡ್ರಿ ಮ್ಯಾಡಮ್."

ಪ್ರಯೋಗಾಲಯದ ಮುಖ್ಯಸ್ಥೆಯಾಗಿ ನೇಮಿಸಿದ ಆದೇಶ. ಇಂದಿನಿಂದಲೇ ಜಾರಿ. ನನ್ನ ಹೆಸರಿನ ಮುಂದೆ ಎಂ.ಎಸ್ಸಿ. ಎಂದು ಪದವಿಯನ್ನೂ ಅಚ್ಚು ಮಾಡಿದ್ದರು. ಈ ಕಟ್ಟಡದಲ್ಲಿ ಯಾವ ಕಾಗದದಲ್ಲೂ ನಾನು ಅದನ್ನು ನೋಡಿರಲಿಲ್ಲ. ಎರಡು ಸಲ ಓದಿದೆ.

"ಗುರುವಾರದ ಮೊಹರೂ ನಿಮ್ಮ ಕೈಲೇ ಆಗ್ಲಿ. ಡೀಲರ್‌ಗಳಿಗೆ ನಾ ಹೇಳ್ತೇನಿ. ಏನಂತೀರಿ? ಹಾವೇರಿ ಅರ್ಜಿ ಒಂದ ಹಿಂದಕ್ಕ ತಗೋರಿ."

"ಹೊಳೆವ್ವಗ ಏನೈತ್ರಿ?"

"ಅಕಿ ಗುತ್ತಿಗೆದಾರನ ಆಳು. ಅದು ನನ್ನ ಕೈಯಾಗಿಲ್ಲ. ಚನ್ನೇಶ ಅಕಿ ಹೆಸರು ಬರದಿದ್ದ, ಗುತ್ತಿಗೆದಾರ ಹೊಡದು ಹಾಕ್ಯಾನ."

ಆದೇಶವನ್ನು ಮಡಿಕೆಯ ಗುಂಟ ಮಡಿಚಿ ಕವರಿನಲ್ಲಿಟ್ಟೆ. ಕವರನ್ನು ಅವರ ಕಡೆ ಸರಿಸಿದೆ.

"ಅರ್ಜಿಯೊಳಗ ಮೊದಲ ಹೆಸರು ಹೊಳೆವ್ವಂದ್ರಿ. ಹಿಂದಕ್ಕ ತಗೊಳ್ಳೂದು ಬಿಡೂದು ಅಕೀನ್ನ ಕೇಳಬೇಕು."

"ಕರಸ್ತೇನಿ ಹಂಗಾರ" ಎಂದು ಅವರು ಗಂಟೆಗೆ ಕೈ ಹಾಕಿದರು.

"ಬ್ಯಾಡ್ರಿ. ಅಕಿ ಮಿಷನ್ ಮ್ಯಾಲೆ ಅದಾಳ, ಕೆಲಸ ನಿಲ್ಲತೈತಿ. ನೀವ ಹೋಗ್ರಿ."

ಎದ್ದು ಬಂದೆ. ಹಿರೇಕೆರೂರಿನ ಗೋವಿನಜೋಳದ ಏಳನೆಯ ದಿನದ ಎಣಿಕೆ ಬಾಕಿಯಿತ್ತು. ಮೂರನೆಯ ಸುರುಳಿ ಬಿಚ್ಚುವಾಗ ಕಿಟಕಿಯ ಆಚೆ ನೋಡಿದೆ. ರಾಜಕುಮಾರ ಕವರು ಹಿಡಿದುಕೊಂಡು, ಇನ್ನೊಂದು ಕೈಯನ್ನು ಬಿಸಿಲಿಗೆ ಅಡ್ಡ ಹಿಡಿದು, ಅಂಗಳ ದಾಟಿ ಪ್ಯಾಕಿಂಗ್ ಶೆಡ್ಡಿನ ಕಡೆಗೆ ನಡೆಯುತ್ತಿದ್ದರು.